ಮಡ್ಡಿಯ ಮೇಲಿನ ನಾಲ್ಕು ಫೋನು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 6:40

ನಾಲ್ಕೂ ಫೋನು ಚಾರ್ಜಿನಲ್ಲಿವೆ. ಎರಡನೆಯದರ ವೈರು ಮತ್ತೆ ಸಡಿಲ. ಇಲಿಯಲ್ಲ, ಶೆಡ್ಡಿನ ಆಳು ಅಕ್ಕವ್ವ. ಕಸ ಹೊಡೆಯುವಾಗ ಪೊರಕೆ ತಾಗಿಸುತ್ತಾಳೆ. ಟೇಪು ಸುತ್ತಿದೆ. ಗಾಳಿಯ ತೇವ ಮೂವತ್ತೊಂದು. ಮೋಡವಿಲ್ಲ.

ಹೊಸ ವಹಿ. ಒಮ್ಮೆ ಎಲ್ಲ ಬರೆದಿಟ್ಟರೆ ಮತ್ತೆ ಬರೆಯುವುದು ತಪ್ಪುತ್ತದೆ. ಇಂದ್ರಾಬಾಯಿಯ ಬೇದಾಣಾ ಶೆಡ್ಡು, ಅಂದರೆ ದ್ರಾಕ್ಷಿ ಒಣಗಿಸುವ ಚಪ್ಪರ, ಊರಾಚೆಯ ಎತ್ತರದ ಮಡ್ಡಿಯ ಮೇಲಿದೆ. ಗಾಳಿ ಯಾವ ಕಡೆಯಿಂದ ಬಂದರೂ ಸೋನ್ಯಾಳದ ಉಳಿದ ಶೆಡ್ಡುಗಳಿಗಿಂತ ಮೊದಲು ಇಲ್ಲಿಗೆ. ಅದಕ್ಕೇ ಯಂತ್ರ ಇಲ್ಲಿ. ಹಳೆಯ ಕಂಪ್ಯೂಟರು, ಅದರಲ್ಲಿ ಲಿನಕ್ಸ್. ಹೊರಗೆ ಒಂದು ಸೆನ್ಸರು. ಗೋಡೆಯ ಮೊಳೆಗೆ ತೂಗುಬಿಟ್ಟ ನಾಲ್ಕು ಬಟನ್ ಫೋನು. ಐದು ನಿಮಿಷಕ್ಕೊಮ್ಮೆ ತೇವ ಅಳೆಯುತ್ತದೆ. ತೇವ ಒಮ್ಮೆಲೇ ಏರಿದರೆ ಫೋನುಗಳು ಎಲ್ಲ ಶೆಡ್ಡಿನವರಿಗೂ ಮಿಸ್ಡ್ ಕಾಲ್ ಕೊಡುತ್ತವೆ. ಯಾರೂ ಎತ್ತಬಾರದು. ನಂಬರ್ ಕಂಡೊಡನೆ ಶೆಡ್ಡಿನ ಬದಿಯ ಪ್ಲಾಸ್ಟಿಕ್ ಪಡದೆ ಇಳಿಸಬೇಕು. ಒಣಗುತ್ತಿರುವ ದ್ರಾಕ್ಷಿಗೆ ಹನಿ ತಾಗಿದರೆ ಮಾಲು ಕಪ್ಪಾಗುತ್ತದೆ.

ಪ್ರೋಗ್ರಾಮು ನನ್ನದು. ಶಾಲೆಯಲ್ಲಿ ಗಣಿತ ಕಲಿಸುವವಳಿಗೆ ಇದೇನು ಹುಚ್ಚು ಎಂದು ಮೊದಲ ಸೀಸನ್ನಿನಲ್ಲಿ ಕೇಳಿದರು. ಈಗ ಕೇಳುವುದಿಲ್ಲ.

ಒಂದೇ ಕೊರತೆ. ಬೆಳಿಗ್ಗೆ ಹತ್ತಕ್ಕೆ ರೈತರ ಲೈನಿನ ಕರೆಂಟು ಹೋಗುತ್ತದೆ. ಸಂಜೆಯವರೆಗೆ ಯಂತ್ರ ಬಂದ್. ಹೋದ ವರ್ಷ ಮಳೆ ಬಂದದ್ದು ನಸುಕಿನಲ್ಲಿ, ನಮ್ಮ ಅದೃಷ್ಟ. ಪ್ರತಿ ವರ್ಷ ಹಾಗಾಗುವುದಿಲ್ಲ.

ಮಾರ್ಚ್ 6, ಗುರುವಾರ. ಸಂಜೆ

ಬ್ಯಾಟರಿ ಬಂತು. ಮಲ್ಲು ಕೂರಿಸಿದ. ಮೇಲೆ ಒಂದು ಸೋಲಾರ್ ತಗಡು. ಊರಿನ ಎಲ್ಲ ಮೋಟರು, ಮಿಕ್ಸರು, ಮೈಕು ಅವನ ಕೈಯಲ್ಲೇ ಹಾಯುತ್ತವೆ.

"ಬಾಯಾರ, ಇನ್ನ ಮ್ಯಾಲ ಇದು ಆರೂದಿಲ್ರಿ. ಕರೆಂಟ ಹೋಗ್ಲಿ, ಬರ್ಲಿ, ಇದಕ್ಕ ಗೊತ್ತಾಗೂದಿಲ್ಲ."

"ಮಲ್ಲೂ, ನಮ್ಮ ಮಿಕ್ಸರಿಗೂ ಹಿಂಗ ಹೇಳಿದ್ದಿ," ಎಂದಳು ಇಂದ್ರಾಬಾಯಿ.

"ಮಿಕ್ಸರಿನ್ಯಾಗ ನೀವು ಅರಿಶಿಣ ಬೇರ ಹಾಕಿದ್ರಿ, ಕಾಕೂ. ಅದನ್ನ ಹೇಳ್ರಿ ಬಾಯಾರ ಮುಂದ."

ಆಕೆಯ ಮೈದುನ ಶಂಕರೆಪ್ಪನೂ ಬಂದಿದ್ದ. ಕುಂದ್ರಿ ಅಂದರೂ ಕೂರಲಿಲ್ಲ. ಶೆಡ್ಡಿನ ಕಂಬ ಒಂದೊಂದನ್ನೇ ಮುಟ್ಟಿ ನೋಡುತ್ತ ನಡೆದ. ಆಕೆಯ ಗಂಡ ತೀರಿದ ಮೇಲೆ ಮನೆಯ ಹಿರಿಯರು ಕೂತು ಮಾತಾಡಿದ್ದು ಊರಿಗೆಲ್ಲ ಗೊತ್ತು. ಈ ಸೀಸನ್ ಇಂದ್ರಾಬಾಯಿ ಶೆಡ್ಡು ನಡೆಸಲಿ. ಎರಡು ಪಾಳಿ, ಅಂದರೆ ಎರಡು ಸಲ ದ್ರಾಕ್ಷಿ ಏರಿಸಿ ಒಣಗಿಸಿ, ಮಾಲು ತೆಗೆಯಲಿ. ಮಾಲು ನೆಟ್ಟಗೆ ಬಂದರೆ ಶೆಡ್ಡು ಆಕೆಯದೇ. ಕೆಟ್ಟರೆ ಶಂಕರೆಪ್ಪ ನಡೆಸುತ್ತಾನೆ. ಆಕೆ ಮನೆಯಲ್ಲಿ ಕೂತು ಉಣ್ಣಬಹುದು.

"ಉಣ್ಣಾಕ ನಾ ಎಂದ ಬ್ಯಾಡ ಅಂದೀನಿ," ಎಂದು ಆಕೆ ಅಂದು ನನಗೆ ಹೇಳಿದ್ದು ನೆನಪಿದೆ. "ಕುಂಡ್ರಾಕ ಬರೂದಿಲ್ಲ, ಅಷ್ಟ."

ನಾಳೆ ಮೊದಲ ಪಾಳಿಯ ದ್ರಾಕ್ಷಿ ಬಲೆಗಳ ಮೇಲೆ ಹರಡುತ್ತಾರೆ.

ಮಾರ್ಚ್ 18, ಮಂಗಳವಾರ. ಸಂಜೆ 7:15

ಫೋನು ಹೊಡೆಯಲಿಲ್ಲ.

ಮೂರೂವರೆಗೆ ಶಾಲೆಯ ವರಾಂಡದಲ್ಲಿ ನಿಂತು ಮೋಡ ನೋಡಿದೆ. ಪಟ್ಟಿಯಲ್ಲಿ ನನ್ನ ನಂಬರೂ ಇದೆ, ಬರಬೇಕಿತ್ತು. ಬರಲಿಲ್ಲ. ಹಾಗಾದರೆ ಮಳೆಯಿಲ್ಲ ಎಂದು ಒಳಗೆ ಹೋದೆ. ಏಳನೇ ವರ್ಗಕ್ಕೆ ಭಿನ್ನರಾಶಿ. ಸ್ವಲ್ಪ ಹೊತ್ತಿಗೆ ಗಾಳಿ, ಅದರ ಬೆನ್ನಿಗೇ ಅವಕಾಳಿ, ಅಕಾಲದ ಮಳೆ.

ನನ್ನ ಹಾಗೆಯೇ ಎಲ್ಲರೂ. ಮೋಡ ಕಂಡಿತ್ತು, ಫೋನು ಬಂದಿರಲಿಲ್ಲ. ನಂಬಿ ಕೂತರು. ಇಂದ್ರಾಬಾಯಿ ಊಟಕ್ಕೆ ಮನೆಗೆ ಇಳಿದಿದ್ದಳು. ಶೆಡ್ಡಿನಲ್ಲಿ ಅಕ್ಕವ್ವ ಒಬ್ಬಳೇ. ಪಶ್ಚಿಮದ ಪಡದೆ ಒಬ್ಬರ ಕೈಗೆ ಬಗ್ಗುವುದಿಲ್ಲ.

"ಫೋನ ಬರಲಿಲ್ಲಲ್ರಿ, ಅದಕ್ಕ ಕುಂತಿದ್ನಿ," ಎಂದಳು. ಅದು ದೂರಲ್ಲ. ಆದದ್ದನ್ನು ಹೇಳಿದಳು. ಅದೇ ಚುಚ್ಚಿತು.

ಪಶ್ಚಿಮದ ಅಂಚಿನ ಬಲೆಗಳು, ಮೇಲಿನಿಂದ ಕೆಳಗಿನವರೆಗೆ, ತೊಯ್ದಿವೆ. ಒಣಗಿದ್ದನ್ನು ಇನ್ನೇನು ಉದುರಿಸುವುದಿತ್ತು.

ಯಂತ್ರದ ಹಸಿರು ದೀಪ ಉರಿಯುತ್ತಲೇ ಇತ್ತು. ಕೀಬೋರ್ಡಿಗೆ ಕೂತು ಏನು ಕೇಳಿದರೂ ಒಂದೇ ಉತ್ತರ — ‘ಫೋರ್ಕ್: ರಿಸೋರ್ಸ್ ಟೆಂಪರರಿಲಿ ಅನ್‌ಅವೇಲೆಬಲ್’. ಒಳಗೆ ಯಾವ ಕೆಲಸಗಳು ನಡೆದಿವೆ ಎಂದು ಕೇಳಿದೆ. ಅದಕ್ಕೂ ಅದೇ. ನೋಡಲಿಕ್ಕೂ ಒಂದು ಹೊಸ ಕೆಲಸ ಹುಟ್ಟಬೇಕು, ಹುಟ್ಟಲು ಜಾಗವಿಲ್ಲ. ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮಲ್ಲು ಬಂದವನೇ ಯಂತ್ರದ ಪಿನ್ನು ಕಿತ್ತ.

"ಬಂದ್ ಮಾಡಿ ಚಾಲೂ ಮಾಡೂದ್ರಿ. ಎಲ್ಲಾಕೂ ಅದ ಔಷಧ."

ಚಾಲೂ ಆಯಿತು. ತೇವ ನೋಡಿತು. ನಾಲ್ಕೂ ಫೋನು ಶ್ರದ್ಧೆಯಿಂದ ಊರಿಗೆಲ್ಲ ಮಿಸ್ಡ್ ಕಾಲ್ ಕೊಟ್ಟವು. ಮಳೆ ನಿಂತ ಮೇಲೆ.

ಶಂಕರೆಪ್ಪ ಕೆಳಗಿನ ತನ್ನ ಶೆಡ್ಡಿನಿಂದ ಹತ್ತಿ ಬಂದ. ಅವನದೂ ತೊಯ್ದಿದೆ, ಕಡಿಮೆ. "ಬಾಯಾರ, ಮಳಿ ಆಗಿದ್ದು ನಿಮ್ಮ ಮಶೀನಿಗೆ ಪೇಪರ ಓದಿ ಗೊತ್ತಾತೇನ್ರಿ?" ಆಮೇಲೆ ಅತ್ತಿಗೆಯ ಕಡೆ ತಿರುಗಿ, ಮೆಲ್ಲಗೆ, "ವೈನಿ, ಒಂದ ಪಾಳಿ ಹೋತು."

"ಇನ್ನೊಂದ ಐತಿ," ಎಂದಳು ಇಂದ್ರಾಬಾಯಿ.

ಅಷ್ಟು ಹೊತ್ತೂ ತೊಯ್ದದ್ದನ್ನು ಬೇರೆ ಬುಟ್ಟಿಗೆ ಆರಿಸುತ್ತಿದ್ದಳು.

ಮಾರ್ಚ್ 19, ಬುಧವಾರ

ಯಂತ್ರ ಚೆನ್ನಾಗಿದೆ. ಅದೇ ಸಮಸ್ಯೆ. ಚೆನ್ನಾಗಿರುವುದರಲ್ಲಿ ತಪ್ಪು ಹುಡುಕುವುದು ಹೇಗೆ.

ಸಿಮ್ ಸರಿ. ಸೆನ್ಸರು ಸರಿ. ವೈರು ಸರಿ. ಹೋದ ಸೀಸನ್ನಿನಿಂದ ಒಂದಕ್ಷರ ಬದಲಿಸಿಲ್ಲ. ಬದಲಾದದ್ದು ಬ್ಯಾಟರಿ ಒಂದೇ. ಬ್ಯಾಟರಿ ಇದ್ದರೆ ಕೆಲಸ ಕೆಡುವುದೇಕೆ?

ಮನಸ್ಸು ತಿರುಗಿಸಲು ಅರ್ಧ ಓದಿದ ಕಾದಂಬರಿ ತೆಗೆದೆ. ದೂರದ ಹಿಮದ ನಾಡಿನದು, ಎರಡು ಭಾಷೆ ದಾಟಿ ಕನ್ನಡಕ್ಕೆ ಬಂದಿದೆ. ನಾಲ್ಕು ಪುಟಕ್ಕೊಮ್ಮೆ ಯಾರಾದರೂ ‘ಭುಜ ಕುಣಿಸುತ್ತಾರೆ’. ಜತ್ ತಾಲೂಕಿನಲ್ಲಿ ಇಷ್ಟು ವರ್ಷ ಬಾಳಿದ್ದೇನೆ, ಒಬ್ಬರೂ ಭುಜ ಕುಣಿಸಿದ್ದು ಕಂಡಿಲ್ಲ. ಇಲ್ಲಿ ಗೊತ್ತಿಲ್ಲದವರು ಆಕಾಶ ನೋಡುತ್ತಾರೆ. ಅನುವಾದಕನಿಗೆ ಅದು ಹೊಳೆಯಲಿಲ್ಲ. ಪುಸ್ತಕ ಮುಚ್ಚಿದೆ.

ನಿರ್ಧಾರ: ಇನ್ನು ನೋಡುವ ತನಕ ಬಂದ್ ಮಾಡುವುದಿಲ್ಲ. ಮಲ್ಲುಗೆ ಹೇಳಿದೆ. ಪಿನ್ನಿಗೆ ಕೈ ಹಚ್ಚಿದರೆ ಮಾತು ಬಿಡುತ್ತೇನೆ ಎಂದೆ.

"ನೀವು ಮಾತಾಡೂದ ಕಡಿಮಿ, ಬಾಯಾರ. ಗೊತ್ತಾಗೂದ ಹೆಂಗ?"

ಮಾರ್ಚ್ 23, ಭಾನುವಾರ. ಬೆಳಿಗ್ಗೆ 11

ಸಿಕ್ಕಿತು.

ಇಂದು ರಜೆ, ನಿಧಾನವಾಗಿ ಕೂತೆ. ನಡೆಯುತ್ತಿರುವ ಕೆಲಸಗಳ ಪಟ್ಟಿ ಕೇಳಿದೆ. ಪರದೆ ಓಡಿತು, ಓಡಿತು, ನಿಲ್ಲಲಿಲ್ಲ. ಒಂದೇ ಹೆಸರು — ತೇವ ಅಳೆಯುವ ನನ್ನ ಸಣ್ಣ ಪ್ರೋಗ್ರಾಮು. ಪ್ರತಿ ಸಾಲಿನಲ್ಲೂ ‘ಝಡ್’ ಎಂಬ ಅಕ್ಷರ, ಕೊನೆಗೆ ‘ಡಿಫಂಕ್ಟ್’. ಝಡ್ ಅಂದರೆ ಝಾಂಬಿ. ಸತ್ತರೂ ಹೋಗದವು.

ಕೈಪಿಡಿ ಇಂಗ್ಲಿಷಿನಲ್ಲಿ. ಕನ್ನಡ ಮಾಡಿಕೊಳ್ಳದೆ ನನಗೆ ತಲೆಗೆ ಇಳಿಯುವುದಿಲ್ಲ. ಪೇರೆಂಟ್ ಅಂದರೆ ತಂದೆಯೋ ತಾಯಿಯೋ? ಇಂಗ್ಲಿಷಿನವರು ತಪ್ಪಿಸಿಕೊಳ್ಳಬಹುದು, ನಾನು ಆರಿಸಬೇಕು. ತಾಯಿ ಎಂದಿಟ್ಟೆ. ಹೀಗಾಯಿತು:

ತಾಯಿ-ಪ್ರೋಗ್ರಾಮು ಒಂದು ಕೆಲಸಕ್ಕೆ ಮಗುವನ್ನು ಹಡೆದು ಕಳಿಸುತ್ತದೆ, ತಾನು ಮುಂದೆ ಸಾಗುತ್ತದೆ. ಮಗು ಕೆಲಸ ಮುಗಿಸಿ ಸಾಯುತ್ತದೆ. ಸಾಯುವಾಗ ಒಂದು ಮಾತು ಬಿಟ್ಟು ಹೋಗುತ್ತದೆ — ಆಯಿತು, ಇಲ್ಲವೇ ಆಗಲಿಲ್ಲ. ಆ ಮಾತನ್ನು ತಾಯಿ ಬಂದು ಕೇಳುವವರೆಗೆ ಮಗುವಿನ ಹೆಸರು ಪಟ್ಟಿಯಿಂದ ಅಳಿಯುವುದಿಲ್ಲ. ಅನ್ನ ಬೇಡ, ನೀರು ಬೇಡ. ಹೆಸರಿನ ಜಾಗ ಮಾತ್ರ ಹಿಡಿದಿರುತ್ತದೆ. ಪಟ್ಟಿಗೆ ಒಂದು ಮಿತಿ ಇದೆ. ತುಂಬಿದ ಮೇಲೆ ಹೊಸದು ಹುಟ್ಟುವುದಿಲ್ಲ.

ನನ್ನ ತಾಯಿ-ಪ್ರೋಗ್ರಾಮು ಐದು ನಿಮಿಷಕ್ಕೊಂದು ಹಡೆಯುತ್ತದೆ. ಒಂದನ್ನೂ ಕೇಳಿಲ್ಲ. ಕೇಳು ಎಂದು ನಾನು ಬರೆದೇ ಇಲ್ಲ.

ತಾಯಿಯೇ ಸತ್ತರೆ ಉಳಿದವನ್ನೆಲ್ಲ ಯಂತ್ರದ ಮೊದಲ ಪ್ರೋಗ್ರಾಮು ದತ್ತು ತೆಗೆದುಕೊಂಡು, ಕೇಳಿ, ಹೆಸರು ಅಳಿಸುತ್ತದೆ. ಯಂತ್ರವೇ ಆರಿದರೆ ಪಟ್ಟಿಯೇ ಹೊಸದು. ಬ್ಯಾಟರಿ ಇಲ್ಲದಾಗ ದಿನಾ ಹತ್ತು ಗಂಟೆಗೆ ಆಗುತ್ತಿದ್ದದ್ದು ಇದು. ಒಂದಿಡೀ ಸೀಸನ್ ನನ್ನ ತಪ್ಪನ್ನು ಲೋಡ್‌ಶೆಡ್ಡಿಂಗು ಗುಡಿಸಿ ಹಾಕುತ್ತಿತ್ತು.

ಮಧ್ಯಾಹ್ನ 3

ಇಂದ್ರಾಬಾಯಿಗೂ ಮಲ್ಲುಗೂ ಹೇಳಿದೆ. ಮಲ್ಲು ಮುಖ ಸಣ್ಣ ಮಾಡಿದ. "ಅಂದ್ರ ನನ್ನ ಬ್ಯಾಟರಿದ್ದ ತಪ್ಪೇನ್ರಿ?"

"ನಿನ್ನ ಬ್ಯಾಟರಿ ಭಾಳ ಚಲೋ ಐತಿ. ಅದಕ್ಕ ಹಿಂಗಾತು."

"ಹಂಗಾದ್ರ ಆ ಝಾಂಬಿಗೋಳನ್ನ ಕೊಂದ ಹಾಕ್ರಿ."

"ಕೊಂದ ನೋಡಿದೆ. ಸತ್ತಾವು ಮತ್ತ ಸಾಯೂದಿಲ್ಲ."

ಇಂದ್ರಾಬಾಯಿ ನಡುವೆ ಬಾಯಿ ಹಾಕಿದಳು. "ಕೇಳವ್ರ ಇರದಿದ್ರ ಸತ್ತದ್ದೂ ಲೆಕ್ಕಕ್ಕ ಬರೂದಿಲ್ಲ. ನಮ್ಮವರ ಹೆಸರೀಲೆ ಇನ್ನೂ ಲೈಟ್ ಬಿಲ್ ಬರ್ತೈತಿ. ಹೋಗಿ ಹೇಳಾಕ ಯಾರಿಗಿ ಪುರಸೊತ್ತೈತಿ?" ಎಂದು ನಕ್ಕಳು. ಆಮೇಲೆ ವ್ಯವಹಾರಕ್ಕೆ ಬಂದಳು. "ದಿನಾ ಒಂದ ಸಲ ಬಂದ್ ಮಾಡಿ ಚಾಲೂ ಮಾಡಿದ್ರ ಆತಿಲ್ಲ? ಮೊದಲ ಹಂಗ ಇತ್ತಲ್ಲ."

"ಅಲ್ಲೀವರಿಗೂ ಹಂಗ ಮಾಡೂಣು. ಆದ್ರ ಅದು ರಿಪೇರಿ ಅಲ್ಲ."

"ರಿಪೇರಿ ಯಾವಾಗ?"

"ಎರಡನೇ ಪಾಳಿ ಏರೂದ್ರಾಗ."

ಹೇಳಿಬಿಟ್ಟೆ. ಏಪ್ರಿಲ್ ಮೊದಲ ವಾರ ಏರುತ್ತದೆ.

ಮಾರ್ಚ್ 25, ಮಂಗಳವಾರ

ಸರಳ ದಾರಿ ಮೊದಲು. ಪ್ರತಿ ಮಗುವನ್ನು ಕಳಿಸಿದ ಮೇಲೆ ತಾಯಿ ಅಲ್ಲೇ ನಿಂತು ಕಾಯಲಿ; ಮುಗಿದೊಡನೆ ಕೇಳಲಿ; ಆಮೇಲೆ ಮುಂದಿನದು. ಎರಡು ಸಾಲು ಸಾಕಾಯಿತು. ಝಾಂಬಿ ಒಂದೂ ಇಲ್ಲ.

ಬೆಳಿಗ್ಗೆ ಎಂಟಕ್ಕೆ ತಾಲೀಮು. ‘ಇದು ಟೆಸ್ಟ್, ಪಡದೆ ಇಳಿಸಬೇಡಿ’ ಎಂದು ನಿನ್ನೆಯೇ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದೆ, ಕನ್ನಡ ಮತ್ತು ಮರಾಠಿಯಲ್ಲಿ. ಆದರೂ ಅರ್ಧ ಜನ ಇಳಿಸಿದರು.

ಒಂದು ಫೋನು ಹೊಡೆಯಿತು. ಮುಗಿಯಿತು. ಎರಡನೆಯದು. ಮುಗಿಯಿತು. ಮೂರನೆಯದು. ತಾಯಿ ಕಾಯುತ್ತಾಳೆ, ನಾಲ್ಕು ಫೋನಿದ್ದೂ ಒಂದೇ ಇದ್ದ ಹಾಗೆ. ಕೊನೆಯ ಶೆಡ್ಡಿಗೆ ಕಾಲ್ ಹೋಗುವಷ್ಟರಲ್ಲಿ ಅಕ್ಕವ್ವ ಚಹಾ ಇಟ್ಟು, ಸೋಸಿ, ಕುಡಿದು, ಬಟ್ಟಲು ತೊಳೆದಿದ್ದಳು.

"ಮಳಿಗೆ ಹೇಳ್ರಿ ಬಾಯಾರ, ಪಾಳೇಕ ನಿಂದರಂತ."

ತೆಗೆದೆ. ಕೇಳಬೇಕು ನಿಜ. ನಿಂತು ಕೇಳಬಾರದು.

ಮಾರ್ಚ್ 28, ಶುಕ್ರವಾರ. ಸಂಜೆ

ಕೈಪಿಡಿಯಲ್ಲಿ ಇನ್ನೊಂದು ದಾರಿ. ಮಗು ಸತ್ತಾಗ ತಾಯಿಗೆ ಒಂದು ಸುದ್ದಿ ಬರುತ್ತದೆ. ಆ ಸುದ್ದಿ ನನಗೆ ಬೇಡ ಎಂದು ಮೊದಲೇ ಹೇಳಿಟ್ಟರೆ ಹೆಸರುಗಳನ್ನು ಯಂತ್ರವೇ ಅಳಿಸಿಬಿಡುತ್ತದೆ. ಒಂದೇ ಸಾಲು. ತಾಲೀಮಿನಲ್ಲಿ ನಾಲ್ಕೂ ಫೋನು ಒಟ್ಟಿಗೆ. ಝಾಂಬಿ ಸೊನ್ನೆ. ಪರದೆಯಲ್ಲಿ ಎಲ್ಲ ಶೆಡ್ಡಿನ ಮುಂದೆಯೂ ‘ಕಾಲ್ ಹೋಯಿತು’.

ಮಲ್ಲು ಪೇಢೆ ತಂದ. ತಿಂದೆ.

ಎಲ್ಲ ಶೆಡ್ಡಿಗೂ ಹೋಯಿತೆ? ಇಷ್ಟು ಜನರಲ್ಲಿ ಒಬ್ಬನ ಫೋನೂ ಬಂದ್ ಇರಲಿಲ್ಲವೆ?

ಮಾರ್ಚ್ 30, ಭಾನುವಾರ. ಉಗಾದಿ

ಸಂಶಯ ನಿಜವಾಯಿತು. ನನ್ನ ಫೋನು ಆರಿಸಿ, ಆ ಒಂದೇ ನಂಬರಿಗೆ ಕಾಲ್ ಮಾಡಿಸಿದೆ. ‘ಕಾಲ್ ಹೋಯಿತು’. ಮತ್ತೆ ಮಾಡಿಸಿದೆ. ‘ಕಾಲ್ ಹೋಯಿತು’. ಫೋನು ನನ್ನ ತೊಡೆಯ ಮೇಲೆ ಕಪ್ಪಗೆ ಬಿದ್ದಿತ್ತು.

ಸುದ್ದಿಯೇ ಬೇಡ ಅಂದ ಮೇಲೆ ಮಗುವಿನ ಕೊನೆಯ ಮಾತೂ ಸಿಗುವುದಿಲ್ಲ. ಸಿಗದಿದ್ದಲ್ಲಿ ನನ್ನ ಪ್ರೋಗ್ರಾಮು ‘ಆಯಿತು’ ಎಂದು ಹಿಡಿಯುತ್ತದೆ. ಮುಟ್ಟದವರಿಗೆ ಎರಡನೇ ಸಲ ಕಾಲ್ ಮಾಡಿಸುವುದೆಂದು ಈ ಸಲ ಹೊಸದಾಗಿ ಸೇರಿಸಿದ್ದೆ; ಆ ಮಾತಿನ ಮೇಲೇ ನಿಂತದ್ದು, ಅದೂ ಹೋಯಿತು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಮೊದಲಿನದು ಮೂಕವಾಗಿತ್ತು. ಇದು ನಗುತ್ತ ಸುಳ್ಳು ಹೇಳುತ್ತದೆ.

ತೆಗೆದೆ. ಮಲ್ಲುಗೆ ಹೇಳಿದೆ, ಪೇಢೆ ಬೇಗ ಆಯಿತು ಎಂದು.

"ತಿಂದಿದ್ದ ತಿಂದ ಹೋತು ಬಿಡ್ರಿ. ಆದ್ರ ಬಾಯಾರ, ಯಾರಿಗೂ ತಿಳೀದಿದ್ರ ಏನ ಆಗ್ತಿತ್ತು?"

"ತಿಳೀತೈತಿ. ಮಳಿ ದಿವಸ."

ಇಂದ್ರಾಬಾಯಿ ಹೋಳಿಗೆ ಕಳಿಸಿದ್ದಳು. ಡಬ್ಬಿ ಮರಳಿಸಲು ಹೋದಾಗ ಶಂಕರೆಪ್ಪ ಅಲ್ಲಿದ್ದ, ಹಬ್ಬದ ಊಟಕ್ಕೆ. ನನ್ನೆದುರಿಗೇ ಕೇಳಿದ, "ವೈನಿ, ಎರಡನೇ ಪಾಳಿ ಯಾಕ ಏರಿಸ್ತೀರಿ? ಹಸೀ ದ್ರಾಕ್ಷಿನ ಮಾರ್ರಿ. ಸುಮ್ಮ ತ್ರಾಸ."

"ಇನ್ನೊಂದ ಹೋಳಿಗಿ ಹಾಕಲ್ಯಾ, ಶಂಕರೆಪ್ಪ?" ಎಂದಳು ಆಕೆ. ಹಾಕಿದಳು. ತುಪ್ಪವನ್ನೂ ಹಾಕಿದಳು. ಉತ್ತರ ಅಷ್ಟೇ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ದ್ರಾಕ್ಷಿ ಏರಿತು. ನನ್ನ ರಿಪೇರಿ ಮುಗಿದದ್ದು ಸಂಜೆ ಐದಕ್ಕೆ. ಮಾತಿಗೆ ಅರ್ಧ ದಿನ ತಪ್ಪಿದೆ.

ಈಗ ಹೀಗಿದೆ. ಸುದ್ದಿ ಬಂದಾಗ ತಾಯಿ ಕೈಯಲ್ಲಿದ್ದುದನ್ನು ಒಂದು ಕ್ಷಣ ಬಿಟ್ಟು ಕೇಳುತ್ತಾಳೆ: ಯಾರಾದರೂ ಮುಗಿಸಿದಿರಾ? ಮುಗಿಸಿದ್ದರೆ ಅದರ ಮಾತು ಬರೆದುಕೊಳ್ಳುತ್ತಾಳೆ, ಹೆಸರು ಅಳಿಯುತ್ತದೆ. ಯಾರೂ ಇಲ್ಲದಿದ್ದರೆ ಕಾಯುವುದಿಲ್ಲ.

ಮೊದಲು ಒಂದು ಸುದ್ದಿಗೆ ಒಂದೇ ಸಲ ಕೇಳು ಎಂದು ಬರೆದಿದ್ದೆ. ತಾಲೀಮಿನಲ್ಲಿ ಎರಡು ಝಾಂಬಿ ಉಳಿದವು. ಕಾರಣ ಹುಡುಕಲು ಮಧ್ಯಾಹ್ನ ಪೂರ್ತಿ ಹೋಯಿತು. ಮೂರು ಫೋನು ಒಟ್ಟಿಗೇ ಮುಗಿಸಿದರೆ ಮೂರು ಸಾವಿನ ಸುದ್ದಿ ಒಂದೇ ಆಗಿ ಬರಬಹುದು. ಯಂತ್ರ ಸುದ್ದಿಗಳನ್ನು ಎಣಿಸಿಡುವುದಿಲ್ಲ. ಆದ್ದರಿಂದ ಸುದ್ದಿ ಬಂದರೆ ಇನ್ನು ಯಾರೂ ಇಲ್ಲ ಎನ್ನುವವರೆಗೆ ಕೇಳುತ್ತಲೇ ಇರಬೇಕು. ಅಷ್ಟು ಬದಲಿಸಿದೆ. ಒಂದೂ ಉಳಿಯಲಿಲ್ಲ.

ನನ್ನ ಫೋನು ಆರಿಸಿ ಪರೀಕ್ಷಿಸಿದೆ. ‘ಶಾಂತಾದೇವಿ — ಮುಟ್ಟಲಿಲ್ಲ’. ಎರಡನೇ ಸಲ ತಾನೇ ಪ್ರಯತ್ನಿಸಿತು. ‘ಮುಟ್ಟಲಿಲ್ಲ’. ನನ್ನ ಹೆಸರಿನ ಮುಂದೆ ಆ ಪದ ಕಂಡು ಇಷ್ಟು ಖುಷಿಯಾದದ್ದು ಇದೇ ಮೊದಲು.

ದಿನಾ ಬಂದ್ ಮಾಡುವುದು ಇಂದಿಗೆ ನಿಂತಿತು.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ

ವಾರದಿಂದ ಆರಿಸಿಲ್ಲ. ಪಟ್ಟಿ ಒಂದು ಪರದೆಯಲ್ಲಿ ಮುಗಿಯುತ್ತದೆ. ಝಡ್ ಇಲ್ಲ.

ಮಾಲು ಹಸಿರು ಬಿಟ್ಟು ಹಳದಿಗೆ ತಿರುಗುತ್ತಿದೆ. ಇಂದ್ರಾಬಾಯಿ ದಿನಕ್ಕೆ ಎರಡು ಸಲ ಒಂದು ಕಾಳು ಹಿಚುಕಿ ನೋಡುತ್ತಾಳೆ, ತಿನ್ನುವುದಿಲ್ಲ. ಇನ್ನೊಂದು ವಾರ.

"ಈ ಸಲ ಹೊಡೀತೈತಲ್ಲ?" ಎಂದಳು.

"ಹೊಡೀತೈತಿ. ಹೊಡೀದಿದ್ರ ಹೊಡೀಲಿಲ್ಲ ಅಂತ ಹೇಳ್ತೈತಿ."

ಆಕೆಗೆ ಎರಡನೇ ಮಾತು ಅಷ್ಟು ಹಿಡಿಸಲಿಲ್ಲ. ಆದರೆ ಅದೇ ನಿಜ.

ಏಪ್ರಿಲ್ 12, ಶನಿವಾರ. ಮಧ್ಯಾಹ್ನ 3:50, ಶೆಡ್ಡಿನಲ್ಲಿ

ಬೆಳಗಿನ ಶಾಲೆ ಮುಗಿಸಿ ಇಲ್ಲಿಗೇ ಬಂದೆ. ಸೆಖೆ. ಪೂರ್ವಕ್ಕೆ ಮೋಡ ಗುಡ್ಡೆ ಬೀಳುತ್ತಿದೆ. ತೇವ ಮೂವತ್ತಾರು. ಯಂತ್ರ ಮುಟ್ಟಬಾರದೆಂದು ಕೈಗೆ ಪೆನ್ನು ಕೊಟ್ಟಿದ್ದೇನೆ. ಮಾಡುವುದಿದ್ದರೆ ಅದೇ ಮಾಡಲಿ.

ಇಂದ್ರಾಬಾಯಿ, ಅಕ್ಕವ್ವ ಬಲೆಗಳ ನಡುವೆ ಇದ್ದಾರೆ.

4:05

ನಲವತ್ತೊಂದು. ಮಡ್ಡಿಯ ಕೆಳಗೆ ಕುರಿಗಳು ಒಂದಕ್ಕೊಂದು ಒತ್ತಿ ನಿಂತಿವೆ. ಗಾಳಿ ನಿಂತಿದೆ.

4:10

ಐವತ್ತೆಂಟು. ಹೊಡೆಯಿತು.

ನಾಲ್ಕೂ ಒಟ್ಟಿಗೆ. ಇಂದ್ರಾಬಾಯಿ ನನ್ನ ಕಡೆ ನೋಡಲೂ ಇಲ್ಲ, ನೇರ ಪಡದೆಯ ಹಗ್ಗಕ್ಕೆ ಹೋದಳು. ಅಕ್ಕವ್ವ ಇನ್ನೊಂದು ತುದಿಗೆ. ಕೆಳಗಿನ ಇಳಿಜಾರಿನಲ್ಲಿ ಮೊದಲ ನೀಲಿ ಪಡದೆ ಇಳಿಯಿತು. ಪಕ್ಕದ್ದು. ಕಾಲುವೆಯ ಆಚೆ ಎರಡು. ಇನ್ನೂ ಹನಿ ಬಿದ್ದಿಲ್ಲ. ಹೋಯಿತು, ಹೋಯಿತು, ಹೋಯಿತು, ಕಂಪ್ಯೂಟರಿನ ಪರದೆ ತುಂಬುತ್ತಿದೆ. ಝಡ್ ಇಲ್ಲ.

4:14

ನಮ್ಮ ಪಡದೆಗಳು ಕೆಳಗಿವೆ, ನಾಲ್ಕೂ ಕಡೆ. ಇಂದ್ರಾಬಾಯಿ ಕೊನೆಯ ಗಂಟು ಹಾಕುತ್ತಿದ್ದಾಳೆ. ಗಾಳಿ ಬಂತು. ಪಡದೆ ಉಬ್ಬಿತು, ಗಂಟು ಹಿಡಿದಿದೆ. ಒಳಗೆ ಒಂದು ಕಾಳೂ ತೊಯ್ದಿಲ್ಲ.

ಒಂದು ಸಾಲು ಕೆಂಪು. ‘ಶಂಕರೆಪ್ಪ — ಮುಟ್ಟಲಿಲ್ಲ’. ಎರಡನೇ ಸಲ — ‘ಮುಟ್ಟಲಿಲ್ಲ’. ಓದಿ ಹೇಳಿದೆ.

"ಜತ್ತಿಗೆ ಹೋಗ್ಯಾನ. ಹುಣ್ಣಿವಿ, ಆಳೂ ಗುಡ್ಡಾಪುರಕ್ಕ ದೇವರಿಗೆ ಹೋಗ್ಯಾವು," ಎಂದಳು ಅಕ್ಕವ್ವ. "ಶೆಡ್ಡ ಬಾಯಿ ತಕ್ಕೊಂಡ ಕುಂತೈತಿ. ಇರ್ಲಿ ಬಿಡ್ರಿ, ಅವ್ವಾರ. ದೇವರ ನೋಡ್ಕೋತಾನ."

ಇಂದ್ರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾಳೆ ಅಂವ ಏನಂತಾನ ಗೊತ್ತೈತೇನ? ಊರಿಗೆಲ್ಲಾ ಹೊಡದ್ರು, ನನಗೊಬ್ಬಗ ಬಿಟ್ರು ಅಂತಾನ. ಆ ಮಾತ ಅನ್ನಾಕ ನಾ ಬಿಡೂದಿಲ್ಲ."

ಇಳಿಜಾರಿನಲ್ಲಿ ಓಡುತ್ತಿದ್ದಾಳೆ, ಚಪ್ಪಲಿ ಇಲ್ಲೇ ಬಿಟ್ಟು. ಅವನ ಶೆಡ್ಡಿನ ಪಡದೆಗೂ ಇಬ್ಬರು ಬೇಕು. ಪೆನ್ನು ಇಲ್ಲೇ ಬಿಟ್ಟು ನಾನೂ —